ಎರಡನೇ ತುಂಡು ಹೆರಿಂಗ್ ಹಾಗೂ ಹತ್ತನೆಯ ಆಳಿನ ಕುರಿತು

“ಆಳನ್ನೇ ಎಣಿಸಬಾರದು ಅಂತ ಇರೋವಾಗ, ಆಳು ತಿನ್ನೋ ಮೀನನ್ನ ಎಣಿಸಬಹುದೇನು?”

ಮೇಲ್ಕಂಡ ಪ್ರಶ್ನೆಯನ್ನು ಕಳೆದ ತಿಂಗಳ ಒಂದು ಶನಿವಾರ, ಬೆಳಗಿನ ಪ್ರಾರ್ಥನೆ ಮುಗಿದು ಉಪಾಹಾರ ನಡೆಯುತ್ತಿದ್ದ ವೇಳೆ, ಸಭೆಯ ಸದಸ್ಯರಾದ ಶ್ರೀ ಆಬಿ ಕ್ರೋಮ್ ಅವರು ಛಾವಣಿಯಲ್ಲಿ ನಿಂತಿದ್ದ ಫ್ಯಾನಿನ ಕಡೆ ಮುಖ ಮಾಡಿ, ಯಾರನ್ನೂ ಉದ್ದೇಶಿಸದೆ, ಗಟ್ಟಿಯಾಗಿ ಕೇಳಿರುತ್ತಾರೆ. ಫ್ಯಾನಿನಿಂದ ಉತ್ತರ ಬಂದಿರುವುದಿಲ್ಲ. ಆದುದರಿಂದ ಉತ್ತರಿಸುವ ಹೊಣೆ ಇಲಾಖೆಯ ಮೇಲೆ ಬಿದ್ದಿದೆ.

ವಯಸ್ಕರ ಕಲಿಕೆ, ಕ್ಷೇಮ ಮತ್ತು ಸಾಮಾಜಿಕ ಚಟುವಟಿಕೆಗಳ ಇಲಾಖೆ
(ಸಿನಗಾಗ್‌ನ ಹಿಂಬದಿ, ಹಳೆ ಗಣಿ ರಸ್ತೆ; ಪ್ರವೇಶ ಅಡುಗೆಮನೆಯ ಮೂಲಕ)

ಸಂಖ್ಯೆ: ವ.ಕ.ಕ್ಷೇ.ಸಾ./ಹೆರಿಂಗ್/2ನೇ ತುಂಡು/ಹತ್ತಕ್ಕೆ ಒಂದು ಕಡಿಮೆ
ದಿನಾಂಕ: ಸೋಮವಾರ, ಕರೆಂಟು ಹೋಗುವ ಮುನ್ನ

ಸುತ್ತೋಲೆ

ವಿಷಯ: ಶ್ರೀ ಸಿರಿಲ್ ಗಾರ್ಬ್ ಅವರು ಬರುವ ಬುಧವಾರ ಸಂಜೆ ತಮ್ಮ ದಿವಂಗತ ಪತ್ನಿಯ ಹೆಸರಿನಲ್ಲಿ ಕದ್ದಿಶ್ ಹೇಳಲು ಬೇಕಾಗಿರುವ ಹತ್ತನೆಯ ಆಳನ್ನು, ಸದರಿ ಆಳಿಗೆ ಗೊತ್ತಾಗದಂತೆ, ಕ್ಷೇಮ ಕಾರ್ಯಕ್ರಮದ ನೆಪದಲ್ಲಿ ಒಳಗೆ ತರುವ ಬಗ್ಗೆ.

ಉಲ್ಲೇಖ:
1. ಶ್ರೀ ಕ್ರೋಮ್ ಅವರು ಫ್ಯಾನಿಗೆ ಹಾಕಿದ ಪ್ರಶ್ನೆ.
2. ಈ ಇಲಾಖೆಯ ಹೆರಿಂಗ್ ನಿಯಮ.
3. ಅಡುಗೆಮನೆಯ ಉಸ್ತುವಾರಿ ಶ್ರೀಮತಿ ರೀವಾ ಮೆಲ್ಟ್ಸ್ ಅವರು ಪಾತ್ರೆ ತೊಳೆಯುತ್ತ ಸಲ್ಲಿಸಿದ ಮೌಖಿಕ ಮನವಿ: “ನೀವು ಶುರು ಮಾಡಿದ್ದನ್ನ ನೀವೇ ಮುಗಿಸಿ ತಾಯಿ, ನನ್ನ ಕೈ ಒದ್ದೆ ಇದೆ.”

ಪೀಠಿಕೆ:

ನಮ್ಮ ಯೆಹೂದಿ ಸಭೆಯ ಪ್ರಾರ್ಥನಾ ಮಂದಿರವಾದ ಈ ಸಿನಗಾಗಿನಲ್ಲಿ ಒಂದು ಕಾಲಕ್ಕೆ ಹಬ್ಬದ ದಿನ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲವೆಂದು ಗೋಡೆಯ ಮೇಲಿನ ಫೋಟೋಗಳಿಂದ ತಿಳಿದುಬರುತ್ತದೆ. ಚಿನ್ನದ ಗಣಿಗಳು ಮುಚ್ಚಿದ ಮೇಲೆ ಉಳಿದ ಗಂಡಸರು ಎಷ್ಟು ಎಂದು ಇಲ್ಲಿ ಬರೆಯುವಂತಿಲ್ಲ, ಏಕೆಂದರೆ ನಮ್ಮಲ್ಲಿ ಆಳನ್ನು ಅಂಕಿಯಲ್ಲಿ ಎಣಿಸುವ ಪದ್ಧತಿ ಇಲ್ಲ. ಅಂಕಿಯ ಬದಲು ಕೀರ್ತನೆಯ ಹತ್ತು ಪದಗಳ ಒಂದು ಸಾಲನ್ನು ತಲೆಗೊಂದು ಪದದಂತೆ ಹೇಳಲಾಗುತ್ತದೆ. ಸಾಲು ಮುಗಿದರೆ ಜನ ಸಾಕು ಎಂದರ್ಥ. ಸಾಲು ಮುಗಿಯದಿದ್ದರೆ ಕದ್ದಿಶ್ ಇಲ್ಲ. ತೀರಿಕೊಂಡವರ ಹೆಸರಿನಲ್ಲಿ ಎದ್ದು ನಿಂತು ಹೇಳುವ ಆ ಸ್ತುತಿಯನ್ನು ಒಂಟಿಯಾಗಿ ಹೇಳುವಂತಿಲ್ಲ, “ಆಮೆನ್” ಎನ್ನಲು ಜನ ಬೇಕು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಆದರೂ ಕಡತ ತೆಳ್ಳಗಿರುವುದರಿಂದ ದಾಖಲಿಸಲಾಗಿದೆ.

ಈ ಇಲಾಖೆಯಲ್ಲಿ ಕಾರ್ಯದರ್ಶಿ ಒಬ್ಬರೇ ಇದ್ದು, ಅವರು ಹೆಂಗಸಾದ್ದರಿಂದ ಹತ್ತರ ಲೆಕ್ಕಕ್ಕೆ ಬರುವುದಿಲ್ಲ. ಹತ್ತರ ಚಿಂತೆ ಮಾತ್ರ ಅವರ ಲೆಕ್ಕಕ್ಕೆ ಬರುತ್ತದೆ.

ಸದರಿ ಇಲಾಖೆಯು ಸದಸ್ಯರ ರಕ್ತದೊತ್ತಡದ ಹಿತದೃಷ್ಟಿಯಿಂದ, ಶನಿವಾರದ ಉಪಾಹಾರದಲ್ಲಿ ತಲಾ ಒಂದು ತುಂಡು ಉಪ್ಪು ಹೆರಿಂಗ್ ಮೀನು ಮಾತ್ರ ತೆಗೆದುಕೊಳ್ಳತಕ್ಕದ್ದೆಂದು ನಿಯಮ ಹೊರಡಿಸಿತ್ತು. ಮೇಲ್ವಿಚಾರಕರನ್ನಾಗಿ ಶ್ರೀ ಗಾರ್ಬ್ ಅವರನ್ನು ನೇಮಿಸಲಾಗಿತ್ತು. ಹೆಂಡತಿ ಡೊರೀನ್ ಹೋದ ಮೇಲೆ ಅವರು ಮೂಲೆಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಕೆಲಸ ಅಂತ ಇದ್ದರೆ ಏಳುತ್ತಾರೆ ಎಂಬುದು ಇಲಾಖೆಯ ಸದುದ್ದೇಶ. ಆದರೆ ಶನಿವಾರ ವಿಶ್ರಾಂತಿ ದಿನವಾದ್ದರಿಂದ ಅಂದು ಪೆನ್ನು ಹಿಡಿದು ಬರೆಯುವಂತಿಲ್ಲ ಎಂಬ ಅಂಶ ನಿಯಮ ಟೈಪಾದ ಮೇಲೆ ಗಮನಕ್ಕೆ ಬಂದಿದೆ. ಹೀಗಾಗಿ ಯಾರು ಎಷ್ಟು ತುಂಡು ತೆಗೆದರೆಂದು “ಬರೆದಿಡತಕ್ಕದ್ದು” ಎಂಬುದನ್ನು ಹೊಡೆದುಹಾಕಿ “ಎಲ್ಲರಿಗೂ ಕೇಳುವಂತೆ ಬಾಯಲ್ಲಿ ಹೇಳತಕ್ಕದ್ದು” ಎಂದು ತಿದ್ದಲಾಯಿತು. ಶ್ರೀ ಗಾರ್ಬ್ ಅವರು ಮಾತು ಮೀರುವವರಲ್ಲ. ಎದ್ದರು, ಹೇಳಿದರು.

ಆ ಶನಿವಾರ ನಡೆದದ್ದನ್ನು ಇಲಾಖೆಯು ಚಹಾ ಕೆಟಲಿನ ಬಳಿ ನಿಂತು ಕೇಳಿಸಿಕೊಂಡಂತೆ ಕೆಳಗೆ ನೀಡಲಾಗಿದೆ:

ಶ್ರೀ ಗಾರ್ಬ್: “ಆಬಿ, ಅದು ಎರಡನೇದು.”

ಶ್ರೀ ಕ್ರೋಮ್: “ಇಷ್ಟು ವರ್ಷ ಡೊರೀನ್ ಬಡಿಸಿದ್ಲು. ಒಂದಿನ ಎಣಿಸ್ಲಿಲ್ಲ ಅವ್ಳು. ನೀನು ಎಣಿಸ್ತೀಯೇನೋ?”

ಶ್ರೀ ಗಾರ್ಬ್: “ನಾನೆಲ್ಲಿ ಎಣಿಸ್ದೆ? ನಿಯಮ ಎಣಿಸ್ತು. ನಾನು ಬರೀ ಬಾಯಿ.”

ಶ್ರೀ ಕ್ರೋಮ್: “ಹಂಗಾದ್ರೆ ಆ ಬಾಯಿಗೊಂದು ತುಂಡು ಹಾಕ್ಕೊಂಡು ಸುಮ್ನಿರು.”

ಇದಾದ ಮೇಲೆ ಉಲ್ಲೇಖ (1)ರ ಪ್ರಶ್ನೆ ಫ್ಯಾನಿನತ್ತ ಹೋಗಿದೆ. ತಟ್ಟೆ ಮೇಜಿಗೆ ಮರಳಿದೆ. ಶ್ರೀ ಕ್ರೋಮ್ ಅವರು ಬಾಗಿಲಾಚೆ ಹೋಗಿದ್ದಾರೆ. ಅಂದಿನಿಂದ ಅವರು ಪ್ರಾರ್ಥನೆಯ ಹೊತ್ತಿಗೆ ತಪ್ಪದೆ ಬರುತ್ತಾರೆ, ಒಳಗೆ ಮಾತ್ರ ಬರುವುದಿಲ್ಲ. ಸಿನಗಾಗ್‌ನ ಸುತ್ತ ಜಲ್ಲಿ ಹಾಸಿದ ದಾರಿಯಲ್ಲಿ ಸುತ್ತು ಹಾಕುತ್ತಾರೆ. ಕೇಳಿದರೆ, “ಡಾಕ್ಟರು ನಡೀರಿ ಅಂದಿದಾರೆ. ಕೂತ್ಕೊಳ್ಳಿ ಅಂದಿಲ್ಲ” ಎನ್ನುತ್ತಾರೆ. ಕ್ಷೇಮ ಕಾರ್ಯಕ್ರಮದ ನಡಿಗೆ ಬಳಗಕ್ಕೆ ಇದುವರೆಗೆ ಸೇರಿದವರು ಇವರೊಬ್ಬರೇ ಆಗಿದ್ದು, ವಾರ್ಷಿಕ ವರದಿಯಲ್ಲಿ ಇದನ್ನು ಇಲಾಖೆಯ ಸಾಧನೆಯೆಂದು ತೋರಿಸಲಾಗಿದೆ.

ಬುಧವಾರ ಸಂಜೆಗೆ ಡೊರೀನ್ ಗಾರ್ಬ್ ಅವರು ಹೋಗಿ ವರ್ಷ ತುಂಬುತ್ತದೆ. ಪ್ರಾರ್ಥನೆ ನಡೆಸುವ ಶ್ರೀ ಟೋವಿ ಬ್ಲೆಕರ್ ಅವರು ಕಳೆದ ಮೂರು ವಾರಗಳಿಂದ ಹೇಳುತ್ತಿರುವ ಸಾಲು ಕೊನೆಯ ಪದದ ಮುಂದೆ ಬಂದು ನಿಲ್ಲುತ್ತಿದೆ. ಆ ಒಂದು ಪದ ಹೊರಗೆ ಸುತ್ತು ಹಾಕುತ್ತಿದೆ. ಶ್ರೀ ಗಾರ್ಬ್ ಅವರು ಈ ಬಗ್ಗೆ ಯಾರಲ್ಲೂ ದೂರಿಲ್ಲ. ಕಳೆದ ಭಾನುವಾರ ಕೋಟು ಇಸ್ತ್ರಿಗೆ ಕೊಟ್ಟಿದ್ದಾರೆ ಎಂದು ಮಾತ್ರ ತಿಳಿದುಬಂದಿದೆ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡ ಕ್ರಮಗಳನ್ನು ಅನುಸರಿಸುವಂತೆ ಎಲ್ಲ ಸದಸ್ಯರಿಗೆ ಈ ಮೂಲಕ ಸೂಚಿಸಲಾಗಿದೆ.

1. ಹೆರಿಂಗ್ ನಿಯಮವನ್ನು ರದ್ದುಪಡಿಸಿಲ್ಲ. ರದ್ದುಪಡಿಸಿದರೆ ನಿಯಮ ತಪ್ಪಾಗಿತ್ತು ಎಂದು ಒಪ್ಪಿದಂತಾಗುತ್ತದೆ. ಆದುದರಿಂದ ಮುಂದಿನ ಆದೇಶದವರೆಗೆ ಅದನ್ನು ಮರೆಯಲಾಗಿದೆ. ಮರೆತದ್ದನ್ನು ಯಾರೂ ನೆನಪಿಸತಕ್ಕದ್ದಲ್ಲ.

2. “ತುಂಡು” ಎಂಬ ಪದದ ವ್ಯಾಖ್ಯೆಯನ್ನು ಪರಿಷ್ಕರಿಸಲಾಗಿದೆ. ಇನ್ನು ಮುಂದೆ ಯಾರೂ ನೋಡದಿರುವಾಗ ಫೋರ್ಕಿಗೆ ಬಂದಷ್ಟೂ ಒಂದೇ ತುಂಡು. ಯಾರಾದರೂ ನೋಡುತ್ತಿದ್ದಲ್ಲಿ ನೋಡುವವರು ಕಣ್ಣು ಮುಚ್ಚಿ ಧ್ಯಾನಾಭ್ಯಾಸ ಮಾಡತಕ್ಕದ್ದು. ಇದನ್ನು ಕ್ಷೇಮ ಚಟುವಟಿಕೆಯಾಗಿ ಪರಿಗಣಿಸಲಾಗುವುದು.

3. ನಿಯಮವನ್ನು ಬರೆದವರು ಯಾರೆಂದು ಪತ್ತೆಹಚ್ಚಲು ವಿಚಾರಣೆ ನಡೆಸಲಾಗಿದೆ. ಕಾರ್ಯದರ್ಶಿಗಳು ಕಾರ್ಯದರ್ಶಿಗಳನ್ನು ಕರೆಸಿ ವಿಚಾರಿಸಿದ್ದು, ಉತ್ತರ ಸಮಾಧಾನಕರವಾಗಿಲ್ಲ. ಅಕ್ಷರದ ಹೋಲಿಕೆ ಕಾಕತಾಳೀಯ ಎಂದು ಷರಾ ಬರೆದು ವಿಚಾರಣೆ ಮುಕ್ತಾಯಗೊಳಿಸಲಾಗಿದೆ. ಅಕ್ಷರ ಟೈಪಿನದಾಗಿತ್ತು.

4. ನೆರೆಯ ಊರಿನ ಸಭೆಯಿಂದ ಒಂದು ಆಳನ್ನು ಎರವಲು ತರುವ ಪ್ರಸ್ತಾವ ಬಂದಿತ್ತು. ಹಿಂದೊಮ್ಮೆ ಹೀಗೆ ತಂದ ಒಬ್ಬರನ್ನು ನಾವು ಊಟ ಹಾಕಿ, ಹಾಸಿಗೆ ಹಾಸಿ, ಹೊಸ ವರ್ಷದ ಪ್ರಾರ್ಥನೆ ಮುಗಿಯುವವರೆಗೂ ಬಿಟ್ಟುಕೊಡದ ಕಾರಣ, ಆ ಸಭೆಯವರು ಈಗ ನಮ್ಮ ಫೋನ್ ಎತ್ತುತ್ತಿಲ್ಲ.

5. ಗೇಟಿನ ಕಾವಲಿನ ಶ್ರೀ ಮ್ಖಿಜೆ ಅವರು, “ಒಬ್ಬ ಕಮ್ಮಿ ಅಂತೀರಲ್ಲಮ್ಮ, ನಾನು ಬಂದು ನಿಂತ್ಕೊಳ್ಲಾ? ಆಮೆನ್ ಅನ್ನೋಕೆ ನಂಗೂ ಬರುತ್ತೆ, ನಿಮ್ಮವರಿಗಿಂತ ಜೋರಾಗಿ ಬರುತ್ತೆ” ಎಂದು ಮುಂದೆ ಬಂದಿರುವುದನ್ನು ಇಲಾಖೆಯು ಕೃತಜ್ಞತೆಯಿಂದ ದಾಖಲಿಸುತ್ತದೆ. ಅವರು ತಮ್ಮ ಜಯೋನ್ ಚರ್ಚಿನ ಬೆಳ್ಳಿ ನಕ್ಷತ್ರವನ್ನು ಎದೆಗೆ ಧರಿಸಿಕೊಂಡೇ ಈ ಮಾತು ಹೇಳಿದ್ದರಿಂದ ಒಪ್ಪಿಕೊಳ್ಳಲಾಗಿಲ್ಲ. ಜೋರಾಗಿ ಬರುತ್ತೆ ಎಂಬುದನ್ನು ಪರೀಕ್ಷಿಸಲಾಗಿದ್ದು, ನಿಜವೆಂದು ಕಂಡುಬಂದಿದೆ.

6. ಬುಧವಾರದ ವಯಸ್ಕರ ಕಲಿಕಾ ತರಗತಿಯ ವಿಷಯವು “ಹಠ: ಕಾರಣ ಮತ್ತು ಪರಿಹಾರ” ಎಂದಿತ್ತು. ಶ್ರೀ ಕ್ರೋಮ್ ಅವರಿಗೆ ಅನುಮಾನ ಬರಬಹುದಾದ್ದರಿಂದ ಅದನ್ನು “ಒಂಟೆ: ಒಂದು ಪರಿಚಯ” ಎಂದು ಬದಲಾಯಿಸಲಾಗಿದೆ. ಪಾಠ ಅದೇ ಇರುತ್ತದೆ. “ಮನುಷ್ಯ” ಎಂದು ಬರುವ ಕಡೆಯಲ್ಲೆಲ್ಲ ಬೋಧಕರು “ಒಂಟೆ” ಎಂದು ಓದತಕ್ಕದ್ದು.

7. ತರಗತಿಯಲ್ಲಿ ನಿದ್ರಿಸುವವರ ಕುರಿತು: ಹತ್ತರಲ್ಲಿ ಒಬ್ಬರು ನಿದ್ದೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತಾರೆ ಎಂದು ಹೇಳುವ ಹಿರಿಯರಿದ್ದಾರೆ. ಇಬ್ಬರಾದರೆ ವಾದವಿದೆ. ವಾದಕ್ಕೆ ಸಮಯವಿಲ್ಲದ ಕಾರಣ ಬುಧವಾರ ಒಬ್ಬರೇ ನಿದ್ರಿಸತಕ್ಕದ್ದು. ಎರಡನೆಯವರಿಗೆ ನಿದ್ದೆ ಬಂದಲ್ಲಿ ಮೊದಲನೆಯವರನ್ನು ಎಬ್ಬಿಸಿ, ಅಧಿಕಾರ ವಹಿಸಿಕೊಂಡು, ನಂತರ ಮಲಗತಕ್ಕದ್ದು.

8. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮದ ವೇಳೆ ತೋಳುಗಳನ್ನು ಮೇಲಕ್ಕೆ, ಕೆಳಕ್ಕೆ ಹಾಗೂ ಪಕ್ಕಕ್ಕೆ ಚಾಚಬಹುದು. ಕಿಟಕಿಯತ್ತ ಚಾಚಿ “ಬಾರೋ” ಎನ್ನುವಂತೆ ಬೆರಳು ಮಡಿಸುವುದನ್ನು ನಿಷೇಧಿಸಲಾಗಿದೆ. ಕಳೆದ ವಾರ ಹೀಗೆ ಮಾಡಿದವರಿಗೆ ಹೊರಗಿನಿಂದ ಬಂದ ಪ್ರತಿಕ್ರಿಯೆಯೂ ಬೆರಳಿನ ವ್ಯಾಯಾಮವೇ ಆಗಿತ್ತು, ಆದರೆ ಅದು ಪಠ್ಯಕ್ರಮದಲ್ಲಿ ಇಲ್ಲ.

9. ಹೆರಿಂಗ್ ತಟ್ಟೆಯನ್ನು ಬುಧವಾರ ಸಂಜೆ ಬಲಗಡೆಯ ಮೂರನೇ ಕಿಟಕಿಯಲ್ಲಿ ಇಡತಕ್ಕದ್ದು. ಪರಿಮಳವು ನಡಿಗೆ ದಾರಿಗೆ ತಲುಪುವಂತೆ ಟೇಬಲ್ ಫ್ಯಾನ್ ಹಚ್ಚತಕ್ಕದ್ದು. ಅಂದು ನಮ್ಮ ಬೀದಿಗೆ ಕರೆಂಟು ಕಡಿತವಿರುವುದರಿಂದ ಟೇಬಲ್ ಫ್ಯಾನ್ ತಿರುಗುವುದಿಲ್ಲ. ಆದ್ದರಿಂದ ಇಬ್ಬರು ಮಹಿಳಾ ಸದಸ್ಯರು ಟ್ರೇ ಹಿಡಿದು ಬೀಸತಕ್ಕದ್ದು. ಈ ಬಗ್ಗೆ ಶ್ರೀಮತಿ ಮೆಲ್ಟ್ಸ್ ಅವರ ಅಭಿಪ್ರಾಯ ಕೇಳಲಾಗಿ, “ಅವನೇನು ಬೆಕ್ಕಾ? ವಾಸನೆಗೆ ಬರೋಕೆ? ಡೊರೀನ್ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟೋನು ಅವ್ನು. ಬುಧವಾರ ಏನು ಅಂತ ಅವನಿಗೆ ಗೊತ್ತಿಲ್ಲ ಅಂದ್ಕೊಂಡಿದೀರಾ?” ಎಂದಿದ್ದಾರೆ. ಅಭಿಪ್ರಾಯವನ್ನು ಕಡತದಲ್ಲಿರಿಸಿ ಬೀಸುವ ವ್ಯವಸ್ಥೆಯನ್ನು ಮುಂದುವರಿಸಲಾಗಿದೆ.

10. ನಡಿಗೆ ಬಳಗದ ಮಾರ್ಗವನ್ನು ಸದಸ್ಯರ ಮಂಡಿಯ ಹಿತದೃಷ್ಟಿಯಿಂದ ಈ ಕೆಳಕಂಡಂತೆ ಪರಿಷ್ಕರಿಸಲಾಗಿದೆ:

(ಅ) ಬಳಗವು ಎಂದಿನಂತೆ ಗೇಟಿನಿಂದ ಹೊರಟು, ಜಕರಾಂಡ ಮರ ಬಳಸಿ, ಹಿಂಬಾಗಿಲ ಮೂಲಕ ಪ್ರಾರ್ಥನಾ ಮಂದಿರವನ್ನು ಪ್ರವೇಶಿಸಿ, ಬೆಂಚುಗಳ ನಡುವೆ ಹಾದು, ಮುಂಬಾಗಿಲಿನಿಂದ ಹೊರಹೋಗತಕ್ಕದ್ದು. ಹೊರಗೆ ಜಲ್ಲಿ ಜಾರುತ್ತದೆ ಎಂದು ಫಲಕ ಹಾಕಲಾಗುವುದು. ಜಲ್ಲಿ ಜಾರುವುದಿಲ್ಲ.

(ಆ) ಬಳಗವು ಮೂರನೇ ಬೆಂಚಿನ ಬಳಿ ತಲುಪಿದಾಗ ಉಸಿರಾಟದ ಅಭ್ಯಾಸಕ್ಕಾಗಿ ನಿಲ್ಲತಕ್ಕದ್ದು. ಬಳಗಕ್ಕೆ ಅಲ್ಲಿ ಕುರ್ಚಿ ಇರಬಹುದು. ಕುರ್ಚಿಯ ಮೇಲೆ ಬಳಗದ ಹಳೆಯ ಪ್ರಾರ್ಥನಾ ಪುಸ್ತಕ ಇರಬಹುದು. ಇವೆರಡೂ ಆಕಸ್ಮಿಕ.

(ಇ) ಅದೇ ಹೊತ್ತಿಗೆ ಯಾರಾದರೂ ಕದ್ದಿಶ್ ಹೇಳಿದಲ್ಲಿ ಅದಕ್ಕೂ ಬಳಗಕ್ಕೂ ಸಂಬಂಧವಿರುವುದಿಲ್ಲ. ಉಸಿರು ಬಿಡುವಾಗ ಬಳಗದ ಬಾಯಿಂದ “ಆಮೆನ್” ಎಂಬ ಶಬ್ದ ಹೊರಟಲ್ಲಿ ಅದನ್ನು ಶ್ವಾಸಕೋಶದ ಆರೋಗ್ಯದ ಲಕ್ಷಣವೆಂದು ದಾಖಲಿಸಲಾಗುವುದು, ರಾಜಿಯೆಂದು ಅರ್ಥೈಸತಕ್ಕದ್ದಲ್ಲ.

(ಈ) ಬಳಗವು ಒಳಗಿರುವಷ್ಟು ಹೊತ್ತೂ ಹೊರಗಿದೆಯೆಂದೇ ಭಾವಿಸತಕ್ಕದ್ದು.

11. ಸಾಮಾಜಿಕ ಚಹಾಕೂಟದಲ್ಲಿ ಕ್ಷಮೆಯಾಚನೆಯ ವಿಧಾನ: ಶ್ರೀ ಗಾರ್ಬ್ ಅವರು ಶ್ರೀ ಕ್ರೋಮ್ ಅವರ ಕ್ಷಮೆ ಕೇಳಬೇಕಾಗಿಲ್ಲ, ಏಕೆಂದರೆ ಅವರು ನಿಯಮ ಪಾಲಿಸಿದ್ದಾರೆ. ಶ್ರೀ ಕ್ರೋಮ್ ಅವರು ಶ್ರೀ ಗಾರ್ಬ್ ಅವರ ಕ್ಷಮೆ ಕೇಳಬೇಕಾಗಿಲ್ಲ, ಏಕೆಂದರೆ ಅವರು ಮೀನು ತಿಂದಿದ್ದಾರಷ್ಟೆ. ಹೀಗಾಗಿ ಇಬ್ಬರೂ ಟೀಪಾಟಿನ ಕ್ಷಮೆ ಕೇಳತಕ್ಕದ್ದು. ಟೀಪಾಟಿನ ಪರವಾಗಿ ಇಲಾಖೆಯು ಇಬ್ಬರನ್ನೂ ಕ್ಷಮಿಸಿ, ಬಳಿಕ ಇಬ್ಬರ ಕ್ಷಮೆಯನ್ನೂ ಕೇಳುವುದು. ಇಲಾಖೆಯ ಧ್ವನಿ ಸಣ್ಣದಿರುವುದರಿಂದ ಆ ಸಮಯದಲ್ಲಿ ಯಾರೂ ಚಮಚ ಅಲ್ಲಾಡಿಸತಕ್ಕದ್ದಲ್ಲ.

12. ಶ್ರೀ ಕ್ರೋಮ್ ಅವರ ಬಳಿ ನೇರವಾಗಿ ಹೋಗಿ, “ಬುಧವಾರ ಒಳಗೆ ಬನ್ನಿ” ಎಂದು ಕೇಳುವ ಮಾರ್ಗದ ಕುರಿತು: ಇಂತಹ ಮಾರ್ಗವನ್ನು ಯಾವ ಸದಸ್ಯರೂ ಸೂಚಿಸಿರುವುದಿಲ್ಲವಾದ್ದರಿಂದ ಪರಿಶೀಲಿಸಿಲ್ಲ.

ವಿಶೇಷ ಸೂಚನೆ:

ಈ ಸುತ್ತೋಲೆಯು ಸೋಮವಾರವೇ ಹೊರಡಬೇಕಾಗಿತ್ತು. ಜೆರಾಕ್ಸ್ ಯಂತ್ರದೊಳಗೆ ಮೊದಲ ಹಾಳೆ ಅರ್ಧ ಹೋಗಿದ್ದಾಗ ಕರೆಂಟು ಹೋಯಿತು. ಹಾಳೆ ಈಚೆ ಬಂದದ್ದು ಇಂದು, ಗುರುವಾರ. ಅಷ್ಟರಲ್ಲಿ ಬುಧವಾರ ಕಳೆದುಹೋಗಿತ್ತು. ಹೊರಡದೆ ಇರುವ ಸುತ್ತೋಲೆಯನ್ನು ಹಿಂಪಡೆಯಲು ಅವಕಾಶವಿಲ್ಲದ ಕಾರಣ ಇದನ್ನು ಪೂರ್ತಿಯಾಗಿ ಹೊರಡಿಸಿ, ಅನುಪಾಲನಾ ವರದಿಯನ್ನೂ ಜೊತೆಗೇ ಲಗತ್ತಿಸಲಾಗಿದೆ.

ಅನುಪಾಲನಾ ವರದಿ:

ಬುಧವಾರ ಸಂಜೆ ಮೇಣದ ಬತ್ತಿಗಳ ಬೆಳಕಿನಲ್ಲಿ ಪ್ರಾರ್ಥನೆಗೆ ಸೇರಲಾಯಿತು. ಸೆಖೆಗಾಗಿ ಕಿಟಕಿಗಳನ್ನೆಲ್ಲ ತೆರೆದಿಡಲಾಗಿತ್ತು. ಒಂಟೆಯ ಪಾಠ ನಡೆಯಲಿಲ್ಲ. ಯಾರೂ ಟ್ರೇ ಬೀಸಲಿಲ್ಲ. ಹೊರಗೆ ಜಲ್ಲಿಯ ಮೇಲೆ ಬೂಟಿನ ಸದ್ದು ಎಂದಿನಂತೆ ಬರುತ್ತ ಹೋಗುತ್ತ ಇತ್ತು.

ಶ್ರೀ ಬ್ಲೆಕರ್ ಅವರು ಒಬ್ಬೊಬ್ಬರತ್ತ ತಿರುಗಿ ಪದಕ್ಕೊಂದು ತಲೆಯಂತೆ ಸಾಲನ್ನು ಹೇಳಿದರು. ಸಾಲು ಕೊನೆಯ ಪದದ ಮುಂದೆ ನಿಂತಿತು. ಮತ್ತೆ ಮೊದಲಿನಿಂದ, ನಿಧಾನವಾಗಿ ಹೇಳಿದರು. ಮತ್ತೆ ಅಲ್ಲೇ ನಿಂತಿತು. ಇಸ್ತ್ರಿಯಾದ ಕೋಟು ತೊಟ್ಟಿದ್ದ ಶ್ರೀ ಗಾರ್ಬ್ ಅವರು ಪುಸ್ತಕ ಮುಚ್ಚಿ, “ಬಿಡು ಟೋವಿ. ಎಷ್ಟು ಸಲ ಹೇಳಿದ್ರೂ ನಾವು ಇಷ್ಟೇ ಜನ. ಅವ್ಳಿಗೆ ಗೊತ್ತಾಗುತ್ತೆ” ಎಂದರು.

ಶ್ರೀ ಬ್ಲೆಕರ್ ಅವರು ಬಿಡಲಿಲ್ಲ. ಮೂರನೆಯ ಬಾರಿ ಶುರು ಮಾಡಿದರು. ಈ ಬಾರಿ ಹೇಳಲಿಲ್ಲ, ನಾವೆಲ್ಲ ಚಿಕ್ಕಂದಿನಲ್ಲಿ ಕಲಿತ ಧಾಟಿಯಲ್ಲಿ ಹಾಡಿದರು. ಕೊನೆಯ ಪದಕ್ಕೆ ಒಂದೇ ಹೆಜ್ಜೆ ಇದೆ ಎನ್ನುವಲ್ಲಿ ಧ್ವನಿ ಮೇಲೇರಿ ನಿಂತಿತು. ಹೊರಗೆ ಬೂಟಿನ ಸದ್ದೂ ನಿಂತಿತು. ಇಲಾಖೆಯು ಪರದೆಯ ಈಚೆ ಹೆಂಗಸರ ಬೆಂಚಿನಲ್ಲಿ ಕೂತು ಇದನ್ನು ಖುದ್ದಾಗಿ ಕೇಳಿಸಿಕೊಂಡಿದೆ.

ಕೊನೆಯ ಪದ ಕಿಟಕಿಯ ಆಚೆಯಿಂದ ಬಂತು. ಧಾಟಿಯಲ್ಲೇ ಬಂತು.

ಆಮೇಲೆ ಶ್ರೀ ಕ್ರೋಮ್ ಅವರು ಬಂದರು. ಬರುತ್ತಲೇ, “ಒಂದು ಸಾಲು ಮುಗಿಸೋಕೆ ಇಷ್ಟು ಹೊತ್ತಾ? ಮೊದಲಿಂದ್ಲೂ ನಿನ್ನ ಉಸಿರು ಗಿಡ್ಡ ಟೋವಿ” ಎಂದು ಶ್ರೀ ಬ್ಲೆಕರ್ ಅವರಿಗೆ ಹೇಳಿ, ಮೂರನೇ ಬೆಂಚಿಗೆ ಹೋಗಿ ನಿಂತರು. ಕಂಡಿಕೆ 10(ಅ)ರಂತೆ ಬಳಗವು ಹಿಂಬಾಗಿಲಿನಿಂದ ಬರಬೇಕಾಗಿತ್ತು, ಮುಂಬಾಗಿಲಿನಿಂದ ಬಂದಿದೆ. ಈ ಉಲ್ಲಂಘನೆಯನ್ನು ಮನ್ನಿಸಲಾಗಿದೆ.

ಶ್ರೀ ಗಾರ್ಬ್ ಅವರು ಕದ್ದಿಶ್ ಹೇಳಿದರು. ನಡುವೆ ಒಂದು ಕಡೆ ತಡವರಿಸಿದರು. ಆಗ ಮೂರನೇ ಬೆಂಚಿನಿಂದ ಮುಂದಿನ ಪದ ಮೆಲ್ಲಗೆ ಬಂದು ಕೈಹಿಡಿಯಿತು. “ಆಮೆನ್” ಗೇಟಿನವರೆಗೂ ಕೇಳಿಸಿತೆಂದು ಶ್ರೀ ಮ್ಖಿಜೆ ಅವರು ದೃಢೀಕರಿಸಿದ್ದಾರೆ. ಕಂಡಿಕೆ 10(ಇ)ರಂತೆ ಇದನ್ನು ಶ್ವಾಸಕೋಶದ ಆರೋಗ್ಯವೆಂದು ದಾಖಲಿಸಬೇಕಾಗಿತ್ತು. ಇಲಾಖೆಯ ಕನ್ನಡಕಕ್ಕೆ ಮಂಜು ಕವಿದಿದ್ದರಿಂದ ದಾಖಲಿಸಲಾಗಿಲ್ಲ.

ಚಿಕ್ಕಂದಿನಿಂದ ಸಾಲುಗಳನ್ನು ಬಾಯಲ್ಲಿಟ್ಟುಕೊಂಡು ಬೆಳೆದವರಿಗೆ, ಅರ್ಧಕ್ಕೆ ನಿಂತ ಸಾಲನ್ನು ಹಾಗೇ ಬಿಟ್ಟು ಮುಂದೆ ನಡೆಯಲು ಕಾಲು ಬರುವುದಿಲ್ಲ. ಇಲಾಖೆಯೂ ಹಾಗೆಯೇ ಬೆಳೆದದ್ದು. ಆದಾಗ್ಯೂ ಹನ್ನೆರಡು ಕಂಡಿಕೆಗಳಲ್ಲಿ ಒಂದರಲ್ಲೂ ಇದು ಹೊಳೆದಿರುವುದಿಲ್ಲ ಎಂಬುದನ್ನು ವಿಷಾದದಿಂದ ಗಮನಿಸಲಾಗಿದೆ.

ಪ್ರಾರ್ಥನೆಯ ನಂತರ ಶ್ರೀಮತಿ ಮೆಲ್ಟ್ಸ್ ಅವರು ಹೆರಿಂಗ್ ತಟ್ಟೆ ತಂದಿಟ್ಟರು. ಶ್ರೀ ಗಾರ್ಬ್ ಅವರು ಅದನ್ನು ಶ್ರೀ ಕ್ರೋಮ್ ಅವರ ಮುಂದೆ ಸರಿಸಿ, ಫೋರ್ಕಿನ ಹಿಡಿಯನ್ನು ಅವರ ಕಡೆ ತಿರುಗಿಸಿಟ್ಟು, ತಾವು ಗೋಡೆಯ ಫೋ‌ಟೋಗಳನ್ನು ನೋಡುತ್ತ ನಿಂತರು. ಟೀಪಾಟಿನ ಅಗತ್ಯ ಬೀಳಲಿಲ್ಲ.

ಸರ್ವರೂ ಇದನ್ನು ಓದಿ, ಅರ್ಥವಾಗದಿದ್ದಲ್ಲಿ ಅಡುಗೆಮನೆಯಲ್ಲಿ ವಿಚಾರಿಸತಕ್ಕದ್ದು.

ಸಹಿ/-
ಕಾರ್ಯದರ್ಶಿ
(ಪ್ರಭಾರ ಅಧ್ಯಕ್ಷೆ, ಪ್ರಭಾರ ಸದಸ್ಯರು, ಪ್ರಭಾರ ಟೀಪಾಟು)

ಪ್ರತಿಗಳು:

1. ಶ್ರೀ ಟೋವಿ ಬ್ಲೆಕರ್ ಅವರಿಗೆ, ಇನ್ನು ಮುಂದೆ ಕಿಟಕಿಗಳನ್ನು ಮುಚ್ಚದಿರಲು ಸೂಚಿಸಿ.

2. ಶ್ರೀಮತಿ ರೀವಾ ಮೆಲ್ಟ್ಸ್ ಅವರಿಗೆ, ಕಂಡಿಕೆ 9ರಲ್ಲಿನ ಅವರ ಅಭಿಪ್ರಾಯ ಸರಿಯಾಗಿತ್ತೆಂಬುದನ್ನು ಯಾರಿಗೂ ತಿಳಿಸದಿರುವ ಷರತ್ತಿನೊಂದಿಗೆ. (ಈಗಾಗಲೇ ಎಲ್ಲರಿಗೂ ತಿಳಿಸಿದ್ದಾರೆ.)

3. ಶ್ರೀ ಮ್ಖಿಜೆ ಅವರಿಗೆ, ಗೇಟಿಗೆ ಅಂಟಿಸಲು. ಅಂಟು ಇಲ್ಲದಿದ್ದಲ್ಲಿ ಓದಿ ಹೇಳಲು.

4. ಛಾವಣಿಯ ಫ್ಯಾನಿಗೆ, ಉಲ್ಲೇಖ (1)ಕ್ಕೆ ಸಂಬಂಧಿಸಿದಂತೆ, ಮಾಹಿತಿಗಾಗಿ.

5. ನಡಿಗೆ ಬಳಗಕ್ಕೆ, ಬಳಗವು ಸದಸ್ಯರಿಲ್ಲದೆ ಮುಚ್ಚಿಹೋಗಿರುವುದನ್ನು ತಿಳಿಸಿ. ಬಳಗವು ಹಾಳೆಯ ಮೇಲೆ ಬಿಸ್ಕತ್ತು ಇಟ್ಟುಕೊಂಡು ತಿಂದಿದೆ.

6. ಶ್ರೀ ಸಿರಿಲ್ ಗಾರ್ಬ್ ಅವರಿಗೆ. ಹೆರಿಂಗ್ ನಿಯಮವನ್ನು ಮರೆಯಲಾಗಿದೆಯೇ ಹೊರತು ರದ್ದುಪಡಿಸಿಲ್ಲವಾದ್ದರಿಂದ, ಮೇಲ್ವಿಚಾರಕರ ಹುದ್ದೆ ಇನ್ನೂ ಅವರದೇ ಆಗಿರುತ್ತದೆ. ಬುಧವಾರ ಬರೆಯಲು ಅಡ್ಡಿಯಿಲ್ಲದ ದಿನವಾಗಿದ್ದರಿಂದ, ಅಂದು ಶ್ರೀ ಕ್ರೋಮ್ ಅವರು ಸೇವಿಸಿದ ತುಂಡುಗಳೆಷ್ಟು ಎಂಬುದನ್ನು ಕಡತ ಪೂರ್ಣಗೊಳಿಸುವ ಸಲುವಾಗಿ ತಿಳಿಸಬೇಕೆಂದು ಕೋರಲಾಗಿದೆ.

(ಪ್ರತಿಯನ್ನು ಅಡುಗೆಮನೆಯ ಬಾಗಿಲಲ್ಲೇ ನಿಂತು ಓದಿ, ನಾಲ್ಕಾಗಿ ಮಡಿಸಿ, ಇಲಾಖೆಯ ಕೈಗೆ ಹಿಂದಿರುಗಿಸಿದ್ದಾರೆ. ಮೌಖಿಕ ಉತ್ತರ: “ಇಲ್ಲ ಕಣಮ್ಮ. ಎಣಿಸಲ್ಲ.”)